72 ಗಂಟೆ, 28 ಮಾತ್ರೆ: ಎಚ್‌ಐವಿ ಅಂಟದಂತೆ ತಡೆಯುವ ಔಷಧಿ ಬಳಸುವುದು ಹೇಗೆ?

2009ರ ಒಂದು ರಾತ್ರಿ. ನಾನು ಆಸ್ಪತ್ರೆಯಲ್ಲಿ ನರ್ಸ್, ಆವತ್ತು ನೈಟ್ ಡ್ಯೂಟಿ. ಡ್ರಿಪ್ ಹಾಕಿ ಸೂಜಿಯನ್ನು ಟ್ರೇಗೆ ಇಡುವಷ್ಟರಲ್ಲಿ ರೋಗಿ ಕೈ ಕೊಸರಿದರು. ಸೂಜಿ ನನ್ನ ಎಡಗೈಯ ತೋರುಬೆರಳಿಗೆ ನಾಟಿತು. ಗ್ಲೌಸ್ ಒಳಗೆ ಸಾಸಿವೆಯಷ್ಟು ರಕ್ತ. ಆ ರೋಗಿಯ ಕೇಸ್ ಶೀಟಿನಲ್ಲಿ ಏನು ಬರೆದಿತ್ತು ಅನ್ನೋದು ನನಗೆ ಗೊತ್ತಿತ್ತು.

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಬೆರಳನ್ನು ಗಟ್ಟಿಯಾಗಿ ಹಿಂಡಿದೆ. ಎರಡನೆಯ ತಪ್ಪು, ಯಾರಿಗೂ ಹೇಳದೆ ಅರ್ಧ ಗಂಟೆ ಸುಮ್ನೆ ಕೂತೆ. ಮೂರನೆಯದು ನನ್ನದಲ್ಲ. ಮಾತ್ರೆ ಇದ್ದ ಬೀರುವಿನ ಬೀಗದಕೈ ಫಾರ್ಮಸಿಸ್ಟ್ ಹತ್ತಿರ ಇತ್ತು, ಅವರು ಮನೆಯಲ್ಲಿ ಮಲಗಿದ್ದರು. ಕೊನೆಗೆ ಮಾತ್ರೆ ನನ್ನ ಬಾಯಿಗೆ ಬೀಳುವ ಹೊತ್ತಿಗೆ ಮೂರೂವರೆ ಗಂಟೆ ಕಳೆದಿತ್ತು.

ನನಗೆ ಸೋಂಕು ಬರಲಿಲ್ಲ. ಮಾತ್ರೆಯಿಂದಲೇ ಉಳಿದೆ ಅಂತ ನಾನು ಎಲ್ಲೂ ಹೇಳಿಕೊಳ್ಳುವುದಿಲ್ಲ. ಎಚ್‌ಐವಿ ಇರುವವರ ರಕ್ತ ಅಂಟಿದ ಸೂಜಿ ಚುಚ್ಚಿದರೂ, ಸಾವಿರ ಜನರಲ್ಲಿ ಸುಮಾರು ಮೂವರಿಗೆ ಮಾತ್ರ ಸೋಂಕು ಬರುತ್ತದೆ. ಆದರೆ ಆ ರಾತ್ರಿ ನಾನು ಆ ಮೂವರಲ್ಲಿ ಒಬ್ಬಳೋ ಅಲ್ಲವೋ ಅಂತ ಹೇಳುವವರು ಯಾರೂ ಇರಲಿಲ್ಲ. ಅಂಥ ಹೊತ್ತಿಗಾಗಿಯೇ ಈ ಮಾತ್ರೆ ಇರುವುದು.

ಈಗ ನಾನು ನಿವೃತ್ತಳು. ಆದರೂ ಯಾರಾದರೂ ಫೋನ್ ಮಾಡಿ, "ಅಕ್ಕಾ, ಒಂದು ವಿಷಯ ಕೇಳಬೇಕಿತ್ತು" ಅಂತ ದನಿ ತಗ್ಗಿಸಿದರೆ ಸಾಕು, ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಯಾರು, ಏನು, ಹೇಗೆ ಅಂತಲ್ಲ. "ಎಷ್ಟು ಗಂಟೆ ಆಯ್ತು?" ಅಂತ.

ಎರಡು ಹೆಸರು ಮೊದಲೇ ತಿಳಿದಿರಲಿ. ವೈರಸ್ ಮೈಗೆ ತಗುಲಿರಬಹುದು ಅನ್ನುವ ಘಟನೆ ನಡೆದ ಮೇಲೆ ನುಂಗುವ ಔಷಧಿಗೆ ಪೆಪ್ ಅನ್ನುತ್ತಾರೆ. ಅಂಥ ಘಟನೆಗೆ ಮೊದಲೇ ನುಂಗುವುದು ಪ್ರೆಪ್. ಎರಡೂ ಲಸಿಕೆ ಅಲ್ಲ. ಒಮ್ಮೆ ತಗೊಂಡರೆ ಜೀವನಪೂರ್ತಿ ಕಾಯುವುದಿಲ್ಲ. ಪೆಪ್ ಬೆಂಕಿ ಬಿದ್ದ ಕೂಡಲೇ ಸುರಿಯುವ ನೀರು. ಪ್ರೆಪ್ ಒಲೆ ಹಚ್ಚುವ ಮೊದಲೇ ಹುಲ್ಲು ದೂರ ಸರಿಸುವ ಕೆಲಸ. ಅವಸರದ್ದು ಪೆಪ್, ಅದನ್ನೇ ಮೊದಲು ನೋಡೋಣ.

ಮೊದಲ ಹತ್ತು ನಿಮಿಷ

ಸೂಜಿ ಚುಚ್ಚಿದರೆ ಅಥವಾ ಬ್ಲೇಡ್ ತಾಗಿದರೆ, ಗ್ಲೌಸ್ ತೆಗೆದು ನಲ್ಲಿ ನೀರಿನ ಕೆಳಗೆ ಕೈ ಹಿಡಿಯಿರಿ. ಸೋಪು ಹಚ್ಚಿ ತೊಳೆಯಿರಿ. ಅಷ್ಟೇ. ಹಿಂಡಬೇಡಿ. ಬೆರಳನ್ನು ಬಾಯಿಗೆ ಹಾಕಿಕೊಳ್ಳಬೇಡಿ. ನೋವಾದಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ, ಚಿಕ್ಕಂದಿನ ಅಭ್ಯಾಸ. ಡೆಟಾಲ್, ಸ್ಪಿರಿಟ್, ಬ್ಲೀಚ್ ಯಾವುದನ್ನೂ ಸುರಿಯಬೇಡಿ. ಅವು ಚರ್ಮವನ್ನು ಸುಡುತ್ತವೆ, ವೈರಸ್ಸಿಗೆ ದಾರಿ ಇನ್ನಷ್ಟು ಸಲೀಸಾಗುತ್ತದೆ.

ಕಣ್ಣಿಗೆ ರಕ್ತ ಸಿಡಿದರೆ ಕುರ್ಚಿಯಲ್ಲಿ ತಲೆ ಹಿಂದಕ್ಕೆ ವಾಲಿಸಿ ಕೂತು, ಇನ್ನೊಬ್ಬರಿಂದ ಶುದ್ಧ ನೀರು ಅಥವಾ ಸಲೈನ್ ಹಾಕಿಸಿಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲು ಅದರ ಸಮೇತ ತೊಳೆದು, ಆಮೇಲೆ ತೆಗೆದು ಮತ್ತೊಮ್ಮೆ ತೊಳೆಯಿರಿ. ಬಾಯಿಗೆ ಬಿದ್ದರೆ ಉಗಿದು, ನೀರಿನಿಂದ ಹಲವು ಸಲ ಮುಕ್ಕಳಿಸಿ. ಕಣ್ಣಿಗೂ ಬಾಯಿಗೂ ಸೋಪು ಬೇಡ.

ಲೈಂಗಿಕ ಸಂಪರ್ಕದಲ್ಲಿ ಕಾಂಡೋಮ್ ಹರಿದಿದ್ದರೆ ಹೊರಗಿನಿಂದ ನೀರಿನಲ್ಲಿ ತೊಳೆದರೆ ಸಾಕು. ಒಳಗೆ ನೀರು ಹಾಯಿಸಿ ತೊಳೆಯಲು ಹೋಗಬೇಡಿ. ಒಳಪದರಕ್ಕೆ ಗಾಯವಾಗುತ್ತದೆ. ಅತ್ಯಾಚಾರ ನಡೆದಿದ್ದರೆ ವಿಷಯ ಬೇರೆ. ಸಾಧ್ಯವಾದರೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ನೇರ ಆಸ್ಪತ್ರೆಗೆ ಹೋಗಿ, ಸಾಕ್ಷ್ಯ ಉಳಿಯುತ್ತದೆ. ಸ್ನಾನ ಆಗಿಬಿಟ್ಟಿದ್ದರೂ ಹೋಗಿ. ಚಿಕಿತ್ಸೆಗೂ ಅದಕ್ಕೂ ಸಂಬಂಧವಿಲ್ಲ.

ಇದು ಹೆದರಬೇಕಾದ ವಿಷಯವೇ?

ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಪಾಲು ಹೆದರಬೇಕಿಲ್ಲದ ವಿಷಯಗಳದ್ದೇ. ಒಂದೇ ಲೋಟದಲ್ಲಿ ಕಾಫಿ ಕುಡಿದೆ, ಬಸ್ಸಿನಲ್ಲಿ ಬೆವರು ತಾಗಿತು, ಸೊಳ್ಳೆ ಕಚ್ಚಿತು, ಮುತ್ತು ಕೊಟ್ಟೆ. ಇದರಿಂದೆಲ್ಲ ಎಚ್‌ಐವಿ ಬರುವುದಿಲ್ಲ. ಎಂಜಲು, ಬೆವರು, ಕಣ್ಣೀರು, ಮೂತ್ರ, ಮಲ, ವಾಂತಿ, ಇವುಗಳಲ್ಲಿ ರಕ್ತ ಕಾಣದಿದ್ದರೆ ಚಿಂತೆ ಬೇಡ. ಗಾಯವಿಲ್ಲದ ಚರ್ಮದ ಮೇಲೆ ರಕ್ತ ಬಿದ್ದರೂ ತೊಳೆದುಕೊಂಡು ನಿಮ್ಮ ಕೆಲಸ ನೋಡಿ. ಪೆಪ್ ಬೇಕಿಲ್ಲ.

ನಿಜಕ್ಕೂ ಲೆಕ್ಕಕ್ಕೆ ಬರುವುದು ರಕ್ತ, ವೀರ್ಯ, ಯೋನಿಯ ದ್ರವ, ಎದೆಹಾಲು ಮತ್ತು ದೇಹದೊಳಗಿನ ಕೆಲವು ದ್ರವಗಳು. ಅವು ನಿಮ್ಮ ಒಳಗೆ ಸೇರಲು ಒಂದು ದಾರಿಯೂ ಬೇಕು: ಚುಚ್ಚಿದ ಗಾಯ, ಹರಿದ ಚರ್ಮ, ಕಣ್ಣು ಬಾಯಿಗಳ ತೇವದ ಪದರ, ಯೋನಿ, ಗುದ. ಕಣ್ಣಿಗೆ, ಬಾಯಿಗೆ ಸಿಡಿದ ರಕ್ತದಿಂದ ಬರುವ ಸಾಧ್ಯತೆ ಸೂಜಿಗಿಂತ ಕಡಿಮೆ, ಸಾವಿರಕ್ಕೆ ಒಂದರಷ್ಟು. ಲೈಂಗಿಕ ಸಂಪರ್ಕದಲ್ಲಿ ವ್ಯತ್ಯಾಸ ದೊಡ್ಡದು. ಸಂಗಾತಿಗೆ ಎಚ್‌ಐವಿ ಇದ್ದು ಔಷಧಿ ತಗೊಳ್ಳದಿದ್ದರೆ, ಕಾಂಡೋಮ್ ಇಲ್ಲದ ಒಂದು ಸಲದ ಯೋನಿ ಸಂಭೋಗದಲ್ಲಿ ಹೆಣ್ಣಿಗೆ ಸೋಂಕು ತಗುಲುವ ಅಂದಾಜು 10,000ಕ್ಕೆ 8. ಗುದ ಸಂಭೋಗದಲ್ಲಿ ಒಳಗೆ ಪಡೆಯುವವರಿಗೆ ಅದು 10,000ಕ್ಕೆ 138. ಜನನಾಂಗದಲ್ಲಿ ಹುಣ್ಣು, ಗಾಯ, ಬೇರೆ ಲೈಂಗಿಕ ರೋಗ ಇದ್ದರೆ ಈ ಅಂಕಿ ಮೇಲಕ್ಕೆ ಏರುತ್ತದೆ.

ಎಚ್‌ಐವಿ ಇರುವವರು ಎಆರ್‌ಟಿ, ಅಂದರೆ ವೈರಸ್ಸನ್ನು ಅದುಮಿಡುವ ಚಿಕಿತ್ಸೆಯ ಮಾತ್ರೆಯನ್ನು ತಪ್ಪದೆ ನುಂಗುತ್ತಾ, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಉಳಿದಿದ್ದರೆ, ಅವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಸಾವಿರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡದ್ದು. ಇಷ್ಟು ವರ್ಷವಾದರೂ ನಮ್ಮ ಎಷ್ಟೋ ಜನ ಆಸ್ಪತ್ರೆ ಸಿಬ್ಬಂದಿಗೇ ಇದು ಗೊತ್ತಿಲ್ಲ ಅನ್ನೋದು ನನ್ನ ಸಂಕಟ.

ಇನ್ನು ಪೌರಕಾರ್ಮಿಕರ ವಿಷಯ. ಕಸದ ಚೀಲಕ್ಕೆ ಕೈ ಹಾಕಿದಾಗ ಯಾವುದೋ ಸಿರಿಂಜ್ ಚುಚ್ಚುತ್ತದೆ. ಯಾರು ಬಳಸಿದ್ದು, ಯಾವಾಗ ಬಳಸಿದ್ದು, ಏನೂ ಗೊತ್ತಿರುವುದಿಲ್ಲ. ಒಣಗಿದ ಹಳೆ ಸೂಜಿಯಿಂದ ಎಚ್‌ಐವಿ ಬರುವ ಸಾಧ್ಯತೆ ತೀರ ಕಡಿಮೆ. ಆದರೆ ಹೆಪಟೈಟಿಸ್ ಬಿ ವೈರಸ್ ಒಣ ರಕ್ತದಲ್ಲೂ ಏಳು ದಿನದವರೆಗೆ ಬದುಕಿರಬಲ್ಲದು. ಟಿಟಿ ಹಾಕಿಸಿಕೊಂಡು ಮನೆಗೆ ಹೋಗುವುದು ಸಾಲದು. ಹೆಪಟೈಟಿಸ್ ಬಿ ಲಸಿಕೆಯನ್ನೂ ಕೇಳಿ, ಪೆಪ್ ಬೇಕೇ ಅಂತ ಡಾಕ್ಟರನ್ನೂ ಕೇಳಿ. ಇದು ಕೆಲಸದ ವೇಳೆಯ ಗಾಯ. ನೀವು ಕೈಚಾಚುತ್ತಿರುವುದು ದಾನಕ್ಕಲ್ಲ.

ಎರಡು ಗಂಟೆಯೊಳಗೆ: ಎಲ್ಲಿಗೆ ಹೋಗಬೇಕು, ಏನು ಹೇಳಬೇಕು

ಎರಡು ಗಂಟೆಯೊಳಗೆ ಮೊದಲ ಮಾತ್ರೆ ನುಂಗಿದರೆ ಒಳ್ಳೆಯದು. ತಡವಾದರೆ 72 ಗಂಟೆಯೊಳಗೆ, ಅಂದರೆ ಮೂರು ದಿನದೊಳಗೆ. ಅದು ದಾಟಿದ ಮೇಲೆ ಪೆಪ್ ಕೊಡುವುದಿಲ್ಲ, ಪ್ರಯೋಜನ ಇಲ್ಲ. 72 ಗಂಟೆ ಕೊನೆಯ ಬಸ್ಸು, ನೀವು ಹತ್ತಬೇಕಾದ ಬಸ್ಸಲ್ಲ. "ಮೂರು ದಿನ ಇದೆಯಲ್ಲ, ಸೋಮವಾರ ಹೋದರಾಯ್ತು" ಅನ್ನಬೇಡಿ.

ಹತ್ತಿರದ ಸರ್ಕಾರಿ ಆಸ್ಪತ್ರೆಯ ಕ್ಯಾಶುವಾಲಿಟಿಗೆ ಹೋಗಿ. ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು ಯಾವುದಾದರೂ ಸರಿ. ಹಗಲಾದರೆ ಎಆರ್‌ಟಿ ಸೆಂಟರ್ ಇನ್ನೂ ಒಳ್ಳೆಯದು, ಈ ಔಷಧಿ ಅವರ ದಿನನಿತ್ಯದ ಕೆಲಸ. ಐಸಿಟಿಸಿ ಅಂದರೆ ಎಚ್‌ಐವಿ ಪರೀಕ್ಷೆಯ ಜಾಗ, ಅದಕ್ಕೆ ಆಫೀಸ್ ವೇಳೆ ಇದೆ. ರಾತ್ರಿ ಹನ್ನೊಂದಕ್ಕೆ ಅದರ ಬಾಗಿಲು ತಟ್ಟಿ ವಾಪಸ್ ಬರಬೇಡಿ. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ 1097ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಉಚಿತ ಸಹಾಯವಾಣಿ.

ಅಲ್ಲಿ ಏನು ಹೇಳುವುದು? ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಓಪಿಡಿ ಚೀಟಿ ಬರೆಯುವ ಕಿಟಕಿಯ ಮುಂದೆ, ಹಿಂದೆ ಹತ್ತು ಜನ ನಿಂತಿರುವಾಗ, ಇಡೀ ಕಥೆ ಹೇಳಬೇಕಿಲ್ಲ. "ಎಮರ್ಜೆನ್ಸಿ ಇದೆ, ಡ್ಯೂಟಿ ಡಾಕ್ಟರ್ ನೋಡಬೇಕು" ಅನ್ನಿ, ಸಾಕು. ಡಾಕ್ಟರ ಮುಂದೆ ನಾಲ್ಕು ವಿಷಯ ನೇರವಾಗಿ ಹೇಳಿ. ಘಟನೆ ಯಾವಾಗ ಆಯಿತು, ಗಂಟೆ ಸಮೇತ. ಏನಾಯಿತು. ಎದುರಿನವರಿಗೆ, ಅಂದರೆ ಯಾರ ರಕ್ತವೋ ದ್ರವವೋ ನಿಮಗೆ ತಗುಲಿತೋ ಅವರಿಗೆ, ಎಚ್‌ಐವಿ ಇದೆಯೇ, ಇದ್ದರೆ ಯಾವ ಮಾತ್ರೆಯಲ್ಲಿದ್ದಾರೆ, ಗೊತ್ತಿದ್ದರೆ. ನಿಮಗೆ ಬೇರೆ ಏನು ಕಾಯಿಲೆ, ಯಾವ ಔಷಧಿ ನಡೆಯುತ್ತಿದೆ. ಕೊನೆಗೆ ಒಂದು ವಾಕ್ಯ: "ನನಗೆ ಪೆಪ್ ಬೇಕೇ ನೋಡಿ."

ಎಳೆಯ ಡಾಕ್ಟರಿಗೆ ಪೆಪ್ ಬಗ್ಗೆ ಅನುಭವ ಇಲ್ಲದಿರಬಹುದು. "ರಿಪೋರ್ಟ್ ಬರಲಿ, ಆಮೇಲೆ ನೋಡೋಣ" ಅಂದರೆ ಒಪ್ಪಬೇಡಿ. ಡೋಸ್ ಮೊದಲು, ರಿಪೋರ್ಟ್ ಆಮೇಲೆ. ಎದುರಿನವರಿಗೆ ಸೋಂಕಿಲ್ಲ ಅಂತ ಖಚಿತವಾದರೆ ಮಾತ್ರೆಯನ್ನು ಅರ್ಧಕ್ಕೇ ನಿಲ್ಲಿಸಬಹುದು, ನಷ್ಟವಿಲ್ಲ. ಕಾದು ಕಳೆದ ಗಂಟೆ ಮಾತ್ರ ತಿರುಗಿ ಬರುವುದಿಲ್ಲ. ಎದುರಿನವರ ರಕ್ತ ಪರೀಕ್ಷೆ ಅವರ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಅನ್ನೋದೂ ನೆನಪಿರಲಿ. 2017ರ ಎಚ್‌ಐವಿ ಏಡ್ಸ್ ಕಾಯ್ದೆಯ ಮಾತು ಅದು. ಅದೇ ಕಾಯ್ದೆ ನಿಮ್ಮ ಗುಟ್ಟನ್ನೂ ಕಾಯುತ್ತದೆ.

ಖರ್ಚು ಯಾರದ್ದು? ಆಸ್ಪತ್ರೆ ಕೆಲಸದಲ್ಲಿ ಆದ ಗಾಯಕ್ಕೆ ಪೆಪ್ ಕೊಡುವುದು ಸಂಸ್ಥೆಯ ಹೊಣೆ ಅಂತ ಆ ಕಾಯ್ದೆಯೇ ಹೇಳುತ್ತದೆ. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಯಾವ ಆಸ್ಪತ್ರೆಯೂ ಉಚಿತವಾಗಿ, ಕೂಡಲೇ ಚಿಕಿತ್ಸೆ ಕೊಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಇದನ್ನು ಕಡ್ಡಾಯ ಮಾಡಿದೆ. ಪೊಲೀಸ್ ದೂರು ಕೊಟ್ಟು ಬನ್ನಿ, ಆಮೇಲೆ ನೋಡ್ತೀವಿ ಅನ್ನುವಂತಿಲ್ಲ. ಪೆಪ್ ಜೊತೆಗೆ ಗರ್ಭ ತಡೆಯುವ ತುರ್ತು ಮಾತ್ರೆ, ಲೈಂಗಿಕ ರೋಗಗಳ ಔಷಧಿ, ಹೆಪಟೈಟಿಸ್ ಬಿ ಲಸಿಕೆಯನ್ನೂ ಕೇಳಿ. ಮಹಿಳಾ ಸಹಾಯವಾಣಿ 181.

ಕಾಂಡೋಮ್ ಹರಿದದ್ದು, ಕಾಂಡೋಮ್ ಇಲ್ಲದೆ ಸೇರಿದ್ದು, ಇಂಥ ಪ್ರಸಂಗದಲ್ಲಿ ತೀರ್ಮಾನ ಡಾಕ್ಟರದ್ದು. ಕೆಲವು ಕಡೆ "ಇದಕ್ಕೆ ಇಲ್ಲಿ ಕೊಡಲ್ಲ" ಅನ್ನುತ್ತಾರೆ. ಆಗ ವಾದಕ್ಕೆ ನಿಂತು ಹೊತ್ತು ಕಳೆಯಬೇಡಿ. ಖಾಸಗಿ ಫಿಜಿಶಿಯನ್ ಅಥವಾ ಚರ್ಮ ಮತ್ತು ಲೈಂಗಿಕ ರೋಗ ತಜ್ಞರ ಬಳಿ ಹೋಗಿ, ಚೀಟಿ ಬರೆಸಿಕೊಂಡು ದೊಡ್ಡ ಮೆಡಿಕಲ್ ಶಾಪಿನಲ್ಲಿ ಕೊಳ್ಳಿ. ಸಣ್ಣ ಅಂಗಡಿಗಳಲ್ಲಿ ಸ್ಟಾಕ್ ಇರುವುದಿಲ್ಲ. ಎಲ್ಲಿ ಸಿಗುತ್ತದೆ ಅಂತ ಮೊದಲೇ ನಾಲ್ಕು ಕಡೆ ಫೋನ್ ಮಾಡಿ ನೋಡಿ.

72 ಯಾಕೆ, 28 ಯಾಕೆ?

ವೈರಸ್ ಮೈಯೊಳಗೆ ಬಿದ್ದ ಕೂಡಲೇ ರಕ್ತಕ್ಕೆ ನುಗ್ಗುವುದಿಲ್ಲ. ಮೊದಲು ಹೊಕ್ಕ ಜಾಗದ ಸುತ್ತಲಿನ ಕೆಲವು ಜೀವಕೋಶಗಳಲ್ಲಿ ಬೀಡು ಬಿಡುತ್ತದೆ. ಒಂದೆರಡು ದಿನದಲ್ಲಿ ಅಲ್ಲಿಂದ ಹತ್ತಿರದ ದುಗ್ಧ ಗ್ರಂಥಿಗೆ ಹೋಗುತ್ತದೆ. ಆಮೇಲೆ ರಕ್ತಕ್ಕೆ, ಅಲ್ಲಿಂದ ಇಡೀ ಮೈಗೆ. ಈ ನಡುವಿನ ಕಿರಿದಾದ ಹೊತ್ತಿನಲ್ಲಿ ಔಷಧಿ ಅಲ್ಲಿದ್ದರೆ, ವೈರಸ್ ತನ್ನ ನಕಲು ತೆಗೆಯಲು ಆಗುವುದಿಲ್ಲ.

1998ರಲ್ಲಿ ಕೋತಿಗಳ ಮೇಲೆ ಒಂದು ಪ್ರಯೋಗದ ಫಲಿತಾಂಶ ಬಂತು. ಎಚ್‌ಐವಿಯ ಸೋದರ ವೈರಸ್ಸನ್ನು ಅವಕ್ಕೆ ಚುಚ್ಚಿ, ಟೆನೊಫೋವಿರ್ ಔಷಧಿ ಕೊಟ್ಟು ನೋಡಿದರು. 24 ಗಂಟೆಯೊಳಗೆ ಶುರು ಮಾಡಿ 28 ದಿನ ಪೂರ್ತಿ ಕೊಟ್ಟ ಕೋತಿಗಳು ಉಳಿದವು. ತಡವಾಗಿ ಶುರು ಮಾಡಿದವು, ಮೂರೇ ದಿನಕ್ಕೋ ಹತ್ತೇ ದಿನಕ್ಕೋ ನಿಲ್ಲಿಸಿದವು, ಅವುಗಳಲ್ಲಿ ಕೆಲವಕ್ಕೆ ಸೋಂಕು ಹತ್ತಿತು. ಮನುಷ್ಯರ ಲೆಕ್ಕ 1997ರಲ್ಲೇ ಬಂದಿತ್ತು. ಸೂಜಿ ಚುಚ್ಚಿಸಿಕೊಂಡ ಆಸ್ಪತ್ರೆ ಸಿಬ್ಬಂದಿಯಲ್ಲಿ ಜಿಡೊವುಡಿನ್ ಎಂಬ ಒಂದೇ ಔಷಧಿ ತಗೊಂಡವರಿಗೂ ಸೋಂಕಿನ ಸಾಧ್ಯತೆ ಶೇ 81ರಷ್ಟು ತಗ್ಗಿತ್ತು. ಇವತ್ತಿನ ಮಾತ್ರೆ ಅದಕ್ಕಿಂತ ಬಲವಾದದ್ದು.

28 ದಿನ ದಾಟುವುದು

ನನಗೆ ಆಗ ಕೊಟ್ಟದ್ದು ಜಿಡೊವುಡಿನ್, ಲ್ಯಾಮಿವುಡಿನ್ ಕೂಡಿದ ಮಾತ್ರೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಮೊದಲ ವಾರ ಒಗ್ಗರಣೆಯ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಮಜ್ಜಿಗೆ ಅನ್ನದ ಮೇಲೆ ದಿನ ದೂಡಿದೆ. ಮನೆಯಲ್ಲಿ ಅತ್ತೆಗೆ ನಾನು ಬಸುರಿ ಅನ್ನುವ ಗುಮಾನಿ.

ಈಗ ಕಷ್ಟ ಅಷ್ಟಿಲ್ಲ. ನ್ಯಾಕೋದ 2021ರ ಮಾರ್ಗಸೂಚಿಯಂತೆ ದಿನಕ್ಕೆ ಒಂದೇ ಮಾತ್ರೆ. ಅದರಲ್ಲಿ ಟೆನೊಫೋವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50, ಮೂರೂ ಇರುತ್ತವೆ. ಆಸ್ಪತ್ರೆಯಲ್ಲಿ ಇದಕ್ಕೆ ಟಿಎಲ್‌ಡಿ ಅನ್ನುತ್ತಾರೆ. 28 ದಿನಕ್ಕೆ 28 ಮಾತ್ರೆ. ಊಟಕ್ಕೆ ಮೊದಲು, ಆಮೇಲೆ, ಹೇಗಾದರೂ ನುಂಗಬಹುದು.

ದಿನಾ ಒಂದೇ ಹೊತ್ತಿಗೆ ನುಂಗಿ. ಮೊಬೈಲ್‌ನಲ್ಲಿ ಅಲಾರಂ ಇಡಿ. ಕೆಲವರಿಗೆ ಡೊಲುಟೆಗ್ರಾವಿರ್ ನಿದ್ದೆ ಕೆಡಿಸುತ್ತದೆ, ಅಂಥವರು ಬೆಳಿಗ್ಗೆಗೆ ಬದಲಿಸಿಕೊಳ್ಳಿ. ಮೊದಲ ಕೆಲವು ದಿನ ತಲೆನೋವು, ವಾಕರಿಕೆ, ಭೇದಿ ಆಗಬಹುದು. ಬಹಳಷ್ಟು ಜನರಿಗೆ ತಾನೇ ಕಡಿಮೆಯಾಗುತ್ತದೆ. ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ, ಎರಡು ಒಟ್ಟಿಗೆ ಬೇಡ. ಕಷ್ಟ ಜಾಸ್ತಿಯಾದರೆ ನೀವೇ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿ, ಬೇರೆ ಔಷಧಿ ಇದೆ.

ನಮ್ಮ ಮನೆಗಳಲ್ಲಿ ಆಗುವ ಒಂದು ತಪ್ಪು ಹೇಳಬೇಕು. ಹೊಟ್ಟೆ ಉರಿಗೆ ಕುಡಿಯುವ ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್, ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಇವು ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಟಿಎಲ್‌ಡಿ ನುಂಗಿ ಎರಡು ಗಂಟೆ ಬಿಟ್ಟು ಇವನ್ನು ತಗೊಳ್ಳಿ. ಇವನ್ನು ಮೊದಲು ತಗೊಂಡಿದ್ದರೆ ಟಿಎಲ್‌ಡಿಗೆ ಆರು ಗಂಟೆ ಕಾಯಿರಿ. ಶುಗರ್‌ಗೆ ಮೆಟ್‌ಫಾರ್ಮಿನ್, ಟಿಬಿಗೆ ರಿಫಾಂಪಿಸಿನ್, ಮೂರ್ಛೆರೋಗದ ಮಾತ್ರೆ ತಗೊಳ್ಳುವವರು ಮೊದಲ ದಿನವೇ ಹೇಳಿಬಿಡಿ, ಡೋಸ್ ಬದಲಾಗುತ್ತದೆ. ಟೆನೊಫೋವಿರ್ ಕಿಡ್ನಿಯ ಮೂಲಕ ಹೊರಗೆ ಹೋಗುವ ಔಷಧಿ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ಬೇಕಾದಂತೆ ನುಂಗುವ ಅಭ್ಯಾಸ ಈ ತಿಂಗಳು ಬಿಡಿ. ಬಸುರಿಯರು ಟಿಎಲ್‌ಡಿ ನುಂಗಬಹುದು. ಮಗುವಿಗೆ ಎದೆಹಾಲು ಕೊಡುತ್ತಿದ್ದರೆ ಡಾಕ್ಟರಿಗೆ ಹೇಳಿ.

ಹೆಪಟೈಟಿಸ್ ಬಿ ಇರುವವರಿಗೆ ಒಂದು ಎಚ್ಚರಿಕೆ. ಟೆನೊಫೋವಿರ್, ಲ್ಯಾಮಿವುಡಿನ್ ಎರಡೂ ಆ ವೈರಸ್ಸನ್ನೂ ಅದುಮಿ ಹಿಡಿಯುತ್ತವೆ. 28 ದಿನದ ಮೇಲೆ ಥಟ್ಟನೆ ನಿಲ್ಲಿಸಿದರೆ ಲಿವರ್ ಊದಿಕೊಳ್ಳಬಹುದು. ಮೊದಲ ದಿನ ಎಚ್‌ಐವಿ ಜೊತೆಗೆ ಹೆಪಟೈಟಿಸ್ ಬಿ, ಸಿ ಪರೀಕ್ಷೆಯನ್ನೂ ಮಾಡುವುದು ಇದಕ್ಕೇ.

ಈ ತಿಂಗಳು ಮತ್ತು ಪರೀಕ್ಷೆಗಳು ಮುಗಿಯುವವರೆಗೆ ಕಾಂಡೋಮ್ ಇಲ್ಲದೆ ಸೇರಬೇಡಿ. ರಕ್ತದಾನ ಬೇಡ. ಮನೆಯವರ ಜೊತೆ ಊಟ, ಮಲಗುವುದು, ಮಕ್ಕಳನ್ನು ಮುದ್ದಾಡುವುದು, ಎಲ್ಲ ಎಂದಿನಂತೆ ಇರಲಿ. ನಾನು ನನ್ನ ಮಗಳಿಗೆ ಒಂದು ವಾರ ಮುತ್ತು ಕೊಟ್ಟಿರಲಿಲ್ಲ. ಎಲ್ಲ ತಿಳಿದ ನರ್ಸ್ ಆಗಿಯೂ!

ಆಮೇಲಿನ ಪರೀಕ್ಷೆ

ಮೊದಲ ದಿನದ ಪರೀಕ್ಷೆ ನೀವು ಈಗಾಗಲೇ ಹೇಗಿದ್ದೀರಿ ಅಂತ ನೋಡಲು. ಈ ಘಟನೆಯಿಂದ ಬಂದ ಸೋಂಕು ಅಂದು ಕಾಣುವುದಿಲ್ಲ. ಅದನ್ನು ನೋಡಲು ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ಪರೀಕ್ಷೆ. ಐಸಿಟಿಸಿಯಲ್ಲಿ ಉಚಿತ. ಮಾತ್ರೆ ಮುಗಿಸಿದವರು ಇಲ್ಲೇ ಜಾರಿಕೊಳ್ಳುತ್ತಾರೆ. ಗೊತ್ತಾಗದಿದ್ದರೇ ಒಳ್ಳೆಯದು ಅನ್ನುವ ಮನಸ್ಸು. ನಡುವೆ ಜ್ವರ, ಮೈಮೇಲೆ ಗಂಧೆ, ಗಂಟಲು ನೋವು, ಕುತ್ತಿಗೆಯಲ್ಲಿ ಗಂಟು ಒಟ್ಟಿಗೆ ಬಂದರೆ ತಾರೀಖಿಗೆ ಕಾಯದೆ ಹೋಗಿ ತೋರಿಸಿ.

ಮೊದಲೇ ನುಂಗುವ ಪ್ರೆಪ್

ವರ್ಷಕ್ಕೆ ಎರಡು ಮೂರು ಸಲ ಪೆಪ್‌ಗೆ ಓಡುತ್ತಿದ್ದೀರಿ ಅಂದರೆ ನಿಮಗೆ ಬೇಕಾದದ್ದು ಪ್ರೆಪ್. ಪೆಪ್‌ನ 28 ದಿನ ಮುಗಿಸಿ, ಪರೀಕ್ಷೆ ಮಾಡಿಸಿ, ಬಿಡುವು ಕೊಡದೆ ಪ್ರೆಪ್‌ಗೆ ಬದಲಾಗಬಹುದು. ಒಬ್ಬರಿಗಿಂತ ಹೆಚ್ಚು ಸಂಗಾತಿಗಳಿದ್ದು ಯಾವಾಗಲೂ ಕಾಂಡೋಮ್ ಬಳಸಲು ಆಗದವರು, ಲೈಂಗಿಕ ವೃತ್ತಿಯಲ್ಲಿರುವವರು, ಗಂಡಸರ ಜೊತೆ ಸಂಬಂಧವಿರುವ ಗಂಡಸರು, ಟ್ರಾನ್ಸ್‌ಜೆಂಡರ್ ಸಮುದಾಯದವರು, ಸೂಜಿಯಲ್ಲಿ ಮಾದಕವಸ್ತು ತಗೊಳ್ಳುವವರು ಕೇಳಬಹುದಾದ ಔಷಧಿ ಇದು. ಗಂಡನಿಗೆ ಎಚ್‌ಐವಿ ಇದೆ ಅಂತ ಈಗಷ್ಟೇ ಗೊತ್ತಾದ ಹೆಂಡತಿಯೂ ಕೇಳಬಹುದು. ಗಂಡನ ಮಾತ್ರೆ ಕೆಲಸ ಮಾಡಿ ವೈರಸ್ ಅಡಗಲು ಕೆಲವು ತಿಂಗಳು ಬೇಕು. ಆ ನಡುವೆ ಅವಳನ್ನು ಕಾಯುವುದು ಪ್ರೆಪ್.

ಮಾತ್ರೆಯಲ್ಲಿ ಇರುವುದು ಟೆನೊಫೋವಿರ್ 300, ಎಮ್ಟ್ರಿಸಿಟಾಬಿನ್ 200. ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಜೆನೆರಿಕ್ ಮಾತ್ರೆ ಸಿಗುತ್ತದೆ, ಡಾಕ್ಟರ ಚೀಟಿ ಬೇಕು. ತಪ್ಪದೆ ನುಂಗಿದರೆ ಲೈಂಗಿಕವಾಗಿ ಬರುವ ಎಚ್‌ಐವಿಯನ್ನು ಶೇ 99ರಷ್ಟು ತಡೆಯುತ್ತದೆ. "ತಪ್ಪದೆ" ಅನ್ನುವ ಮಾತನ್ನು ಮರೆತರೆ ಆ 99 ಉಳಿಯುವುದಿಲ್ಲ.

ಶುರು ಮಾಡುವ ಮೊದಲು ಎಚ್‌ಐವಿ ಪರೀಕ್ಷೆ ಬೇಕೇ ಬೇಕು. ಸೋಂಕು ಈಗಾಗಲೇ ಇದ್ದರೆ ಈ ಎರಡು ಔಷಧಿ ಸಾಲುವುದಿಲ್ಲ, ವೈರಸ್ ಅದಕ್ಕೆ ಬಗ್ಗದಂತೆ ಬೆಳೆದುಬಿಡುತ್ತದೆ. ಗೆಳೆಯನ ಡಬ್ಬಿಯಿಂದ ನಾಲ್ಕು ಮಾತ್ರೆ ಇಸಕೊಂಡು ನುಂಗುವುದು ಅಪಾಯ ಅನ್ನೋದು ಇದಕ್ಕೆ. ಕಿಡ್ನಿ ನೋಡಲು ಕ್ರಿಯಾಟಿನಿನ್, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆಗಳೂ ಜೊತೆಗೆ ಆಗಲಿ. ಒಂದು ತಿಂಗಳಿಗೆ ಮತ್ತೆ ಎಚ್‌ಐವಿ ಪರೀಕ್ಷೆ, ಆಮೇಲೆ ಮೂರು ತಿಂಗಳಿಗೊಮ್ಮೆ.

ರಕ್ಷಣೆ ಮೊದಲ ಮಾತ್ರೆಗೇ ಬರುವುದಿಲ್ಲ. ಗುದ ಸಂಭೋಗಕ್ಕೆ 7 ದಿನ ನುಂಗಿರಬೇಕು. ಹೆಣ್ಣುಮಕ್ಕಳು 21 ದಿನ ಕಾಯುವುದು ಕ್ಷೇಮ. ಅಲ್ಲಿಯವರೆಗೆ ಕಾಂಡೋಮ್. ಗಂಡಸರಿಗೆ ಇನ್ನೊಂದು ದಾರಿ ಇದೆ, ಅದಕ್ಕೆ ಎರಡು-ಒಂದು-ಒಂದು ಅನ್ನುತ್ತಾರೆ. ಸೇರುವ 2ರಿಂದ 24 ಗಂಟೆ ಮೊದಲು ಎರಡು ಮಾತ್ರೆ, ಆ ಮೊದಲ ಡೋಸಿನಿಂದ 24 ಗಂಟೆಗೆ ಒಂದು, 48 ಗಂಟೆಗೆ ಇನ್ನೊಂದು. ಹೆಣ್ಣುಮಕ್ಕಳಿಗೆ, ಈಸ್ಟ್ರೊಜೆನ್ ಹಾರ್ಮೋನ್ ತಗೊಳ್ಳುವ ಟ್ರಾನ್ಸ್ ಮಹಿಳೆಯರಿಗೆ, ಹೆಪಟೈಟಿಸ್ ಬಿ ಇರುವವರಿಗೆ ಈ ದಾರಿ ಬೇಡ, ದಿನಾ ನುಂಗುವುದೇ ಸರಿ. ಪ್ರೆಪ್ ಸಿಫಿಲಿಸ್ ತಡೆಯುವುದಿಲ್ಲ, ಗೊನೊರಿಯಾ ತಡೆಯುವುದಿಲ್ಲ, ಬಸಿರನ್ನೂ ತಡೆಯುವುದಿಲ್ಲ.

"ಇದೆಲ್ಲ ನಮ್ಮ ಜನ ದಿನಾ ನುಂಗ್ತಾರಾ?" ಅಂತ ಕೇಳುವವರಿಗೆ ನಾನು ಮೈಸೂರಿನ ಕಡೆ ಬೆರಳು ತೋರಿಸುತ್ತೇನೆ. ಅಲ್ಲಿನ ಆಶೋದಯ ಸಮಿತಿ ಲೈಂಗಿಕ ವೃತ್ತಿಯವರು ತಾವೇ ನಡೆಸುವ ಸಂಘಟನೆ. 2016ರ ಹೊತ್ತಿಗೆ ಕೋಲ್ಕತ್ತದ ಲೈಂಗಿಕ ವೃತ್ತಿಯ ಬಡಾವಣೆ ಸೋನಾಗಾಛಿಯಲ್ಲೂ ಮೈಸೂರಿನಲ್ಲೂ ಪ್ರೆಪ್ ಪ್ರಯೋಗ ಶುರುವಾಯಿತು. ಮೈಸೂರಿನ ಕಡೆ 600ಕ್ಕೂ ಹೆಚ್ಚು ಹೆಣ್ಣುಮಕ್ಕಳು ಸೇರಿದರು. ಹೆಚ್ಚುಕಡಿಮೆ ಎಲ್ಲರೂ ಕೊನೆಯವರೆಗೆ ಉಳಿದರು, ಒಬ್ಬರಿಗೂ ಎಚ್‌ಐವಿ ಬರಲಿಲ್ಲ. ಬಿಪಿ ಮಾತ್ರೆಯನ್ನೇ ವಾರಕ್ಕೆ ಎರಡು ದಿನ ಮರೆಯುವ ನಮ್ಮಂಥವರು ಅವರ ಶಿಸ್ತಿನ ಬಗ್ಗೆ ಮಾತಾಡಬಾರದು, ಅಲ್ವಾ?

ಮಾತ್ರೆಯ ಜಾಗಕ್ಕೆ ಇಂಜೆಕ್ಷನ್ನೂ ಬಂದಿದೆ. ಕ್ಯಾಬೊಟೆಗ್ರಾವಿರ್ ಅನ್ನು ಎರಡು ತಿಂಗಳಿಗೊಮ್ಮೆ ಚುಚ್ಚುತ್ತಾರೆ. ಲೆನಾಕಾಪಾವಿರ್ ಅನ್ನು ಆರು ತಿಂಗಳಿಗೊಮ್ಮೆ, ಹೊಟ್ಟೆಯ ಚರ್ಮದಡಿ. ದಕ್ಷಿಣ ಆಫ್ರಿಕಾ, ಉಗಾಂಡಾಗಳಲ್ಲಿ ಲೆನಾಕಾಪಾವಿರ್ ಪಡೆದ 2,134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ. 2025ರ ಜೂನ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಾಗ ವರ್ಷದ ಬೆಲೆ 28,000 ಡಾಲರ್ ದಾಟಿತ್ತು. ಆಮೇಲೆ ಹೈದರಾಬಾದಿನ ಎರಡು ಕಂಪನಿಗಳು, ಡಾ. ರೆಡ್ಡೀಸ್ ಮತ್ತು ಹೆಟೆರೊ, 2027ರಿಂದ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ವರ್ಷಕ್ಕೆ 40 ಡಾಲರ್‌ಗೆ ಇದನ್ನು ಒದಗಿಸುವ ಒಪ್ಪಂದಗಳಿಗೆ ಬಂದವು.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಸಿಕೊಳ್ಳಿ. ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ಕಟರ್‌ನಲ್ಲಿ ಕತ್ತರಿಸಿ, ಸೂಜಿ ತೂರದ ಬಿಳಿ ಡಬ್ಬಿಗೆ ಹಾಕಿ. ಚುಚ್ಚಿದರೆ ಎಷ್ಟು ಹೊತ್ತಿಗೆ, ಹೇಗೆ ಅಂತ ರಿಜಿಸ್ಟರ್‌ನಲ್ಲಿ ಬರೆಸಿ. ಬೈತಾರೆ ಅಂತ ಮುಚ್ಚಿಟ್ಟರೆ ಮುಂದೆ ಪರಿಹಾರ ಕೇಳಲು ಕಾಗದವೇ ಇರುವುದಿಲ್ಲ.

ಇವತ್ತು ಡ್ಯೂಟಿಗೆ ಹೋದಾಗ ಇನ್‌ಚಾರ್ಜ್ ಸಿಸ್ಟರ್‌ಗೆ ಮೂರು ಪ್ರಶ್ನೆ ಕೇಳಿ. ಪೆಪ್ ಮಾತ್ರೆ ಎಲ್ಲಿದೆ? ಅದರ ಎಕ್ಸ್‌ಪೈರಿ ಯಾವಾಗ? ರಾತ್ರಿ ಎರಡು ಗಂಟೆಗೆ ಅದರ ಬೀಗದಕೈ ಯಾರ ಹತ್ತಿರ ಇರುತ್ತದೆ? ಕ್ಯಾಶುವಾಲಿಟಿ, ಲೇಬರ್ ವಾರ್ಡ್, ಐಸಿಯು, ಇಂಥ 24 ಗಂಟೆಯೂ ಜನ ಇರುವ ಜಾಗದಲ್ಲಿ ಮಾತ್ರೆ ಇಡಬೇಕು ಅಂತ ನ್ಯಾಕೋ ಹೇಳಿದೆ. ನನ್ನ ಘಟನೆಯಾದ ಮೇಲೆ ನಮ್ಮಲ್ಲಿ ಆ ಡಬ್ಬಿಯನ್ನು ಫಾರ್ಮಸಿಯಿಂದ ಲೇಬರ್ ವಾರ್ಡಿನ ಮೇಜಿನ ಡ್ರಾಯರ್‌ಗೆ ತಂದರು. ಆ ಡ್ರಾಯರ್‌ಗೆ ಬೀಗವೇ ಇರಲಿಲ್ಲ.